ತಿರುಗುವ ಕಾರ್ ಸೀಟು: ಮೂರನೇ ಸಲಕ್ಕೆ ಸರಿಹೋಯಿತು

ಮಗಳಿಗೆ ಈಗ ಎರಡೂವರೆ ವರ್ಷ. ಇವತ್ತಿಗೂ ಕಾರಿನಲ್ಲಿ ತನ್ನ ಮಕ್ಕಳ ಸೀಟಿನಲ್ಲಿ, ಹಿಂಭಾಗಕ್ಕೆ ಮುಖ ಮಾಡಿಯೇ ಕೂರುತ್ತಾಳೆ. ಬೆಂಗಳೂರಿಂದ ಹಾಸನಕ್ಕೆ ಹದಿನೈದು ಸಲವಾದರೂ ಹಾಗೇ ಹೋಗಿ ಬಂದಿದ್ದೇವೆ. "ಮಡಿಲಲ್ಲಿ ಕೂರಿಸಿಕೊಂಡರೆ ಆಗಲ್ವಾ, ಒಂದು ಸೀಟಿಗೆ ಇಷ್ಟು ದುಡ್ಡಾ?" ಎಂದಿದ್ದ ಅತ್ತೆಯವರೇ ಈಗ "ಪಟ್ಟಿ ಬಿಗಿ ಮಾಡಿದ್ಯಾ?" ಅಂತ ಕೇಳುತ್ತಾರೆ.

ಮೊದಲು ತಂದದ್ದು ಕಾರಿನ ಬೆಲ್ಟಿನಲ್ಲೇ ಕಟ್ಟುವ ಸೀಟು. ಸುಮಾರು 6 ಸಾವಿರ. ಸಿಸೇರಿಯನ್ ಆಗಿ ಸೊಂಟ ಹಿಡಿದುಕೊಂಡಿದ್ದ ನನಗೆ ಬಗ್ಗಿ, ಮಗುವನ್ನು ಓರೆಯಾಗಿ ತೂರಿಸಿ ಪಟ್ಟಿ ಹಾಕುವುದು ಆಗುತ್ತಲೇ ಇರಲಿಲ್ಲ. ಆತುರದಲ್ಲಿ ಸಡಿಲ ಬಿಟ್ಟುಬಿಡುತ್ತಿದ್ದೆ. ಒಂದು ದಿನ ಕುಣಿಗಲ್ ಹತ್ತಿರ ಜೋರಾಗಿ ಬ್ರೇಕ್ ಹಾಕಿದಾಗ ಇಡೀ ಸೀಟೇ ವಾಲಿತು. ಮಗುವಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಆನ್‌ಲೈನಿನಲ್ಲಿ, ಮಗುವನ್ನು ಕೂರಿಸುವಾಗ ಬಾಗಿಲ ಕಡೆಗೆ ತಿರುಗುವ ಸೀಟು ತರಿಸಿದೆ. 18 ಸಾವಿರದ ಆಸುಪಾಸು. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್. ಐಸೋಫಿಕ್ಸ್ (ಬೆಲ್ಟಿನ ಬದಲು ಸೀಟನ್ನು ನೇರವಾಗಿ ಕಾರಿಗೇ ಸಿಕ್ಕಿಸುವ) ಕೊಂಡಿ ಸರಿಯಾಗಿ ಕೂತಿತು, ಆದರೆ ಸೀಟು ಹಿಂದಕ್ಕೆ ತಿರುಗಿದರೆ ಮುಂದಿನ ಸೀಟಿಗೆ ತಾಗುತ್ತಿತ್ತು. ನಮ್ಮನೆಯವರ ಮೊಣಕಾಲು ಡ್ಯಾಶ್‌ಬೋರ್ಡಿಗೆ! ಲೇಬಲ್ ನೋಡಿದರೆ ಮಕ್ಕಳ ಸೀಟಿನ ಹಳೇ ಸುರಕ್ಷತಾ ಮಾನದಂಡ, ಆರ್44. ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆ ಇರುವುದು ಹೊಸ ಮಾನದಂಡ ಆರ್129ರಲ್ಲಿ. ವಾಪಸ್ ಕಳಿಸಿದೆ. ಡಬ್ಬಿ ಬಿಚ್ಚಿದ್ದಕ್ಕೆ 2 ಸಾವಿರ ಹಿಡಿದುಕೊಂಡರು.

ಮೂರನೇ ಸಲ ಕಾರನ್ನೇ ಅಂಗಡಿಗೆ ತೆಗೆದುಕೊಂಡು ಹೋದೆ. ಜೊತೆಗೆ ಅಳತೆ ಟೇಪು, 10 ಕೆಜಿ ಸೋನಾ ಮಸೂರಿ ಚೀಲ. ಅಂಗಡಿಯವರು ನಕ್ಕರು. ನಗಲಿ ಬಿಡಿ. ಖಾಲಿ ಸೀಟು ಎಲ್ಲವೂ ಸಲೀಸಾಗಿ ತಿರುಗುತ್ತದೆ. ಚೀಲ ಕೂರಿಸಿ ಪಟ್ಟಿ ಹಾಕಿದಾಗ ಒಂದು ಸೀಟು ಎರಡು ಕೈ ಹಾಕಿದರೂ ಅಲುಗಲಿಲ್ಲ. ಇನ್ನೊಂದು ಅರ್ಧದಲ್ಲೇ ನಿಂತಿತು. ಮೂರನೆಯದು ಒಂದೇ ಕೈಯಲ್ಲಿ ತಿರುಗಿತು. ಬುಡದಲ್ಲಿ ಹಿಡಿದು ಅಲ್ಲಾಡಿಸಿದೆ, ಒಂದಿಂಚೂ ಜರುಗಲಿಲ್ಲ. ಸಪೋರ್ಟ್ ಲೆಗ್, ಅಂದರೆ ಸೀಟಿನ ಬುಡದಿಂದ ಕಾರಿನ ನೆಲಕ್ಕೆ ಊರುವ ಕಾಲು, ಗಟ್ಟಿ ನೆಲದ ಮೇಲೆ ನಿಂತಿತು. ಕೆಲವು ಕಾರುಗಳಲ್ಲಿ ಮ್ಯಾಟಿನ ಕೆಳಗೆ ಟೊಳ್ಳು ಡಬ್ಬಿ ಇರುತ್ತದೆ, ಅದರ ಮೇಲೆ ಕಾಲು ಊರಬೇಡಿ. ಬೆಲೆ 31 ಸಾವಿರ ಹೇಳಿದರು, 26ಕ್ಕೆ ತಂದೆ. ಹೇಗೆ ಇಳಿಸಿದೆ ಅಂತ ಹೇಳುವುದಿಲ್ಲ. ಎರಡನೇ ಮಗುವಿಗೆ ಬೇಕಾಗುತ್ತದೆ.

ತಿರುಗಿದ ಮಾತ್ರಕ್ಕೆ ಸೀಟು ಸುರಕ್ಷಿತ ಆಗಲ್ಲ. ಆದರೆ ಮಗು ಬಾಗಿಲ ಕಡೆ ನನ್ನ ಎದುರಿಗೇ ಇರುವುದರಿಂದ ಪಟ್ಟಿ ಪ್ರತಿ ಸಲ ಸರಿಯಾಗಿ ಬಿಗಿಯಾಗುತ್ತದೆ. ಆರ್129 ಪ್ರಕಾರ 15 ತಿಂಗಳು ತುಂಬುವವರೆಗಾದರೂ ಹಿಂದಕ್ಕೆ ಮುಖ ಇರಲೇಬೇಕು. ನಾನು ಅಲ್ಲಿಗೆ ನಿಲ್ಲಿಸದೆ ಮುಂದುವರಿಸಲು ಆದದ್ದು ಈ ಸೀಟಿನಿಂದಲೇ. ಒಮ್ಮೆ ಅದು ಪೂರ್ತಿ ತಿರುಗಿ ಲಾಕ್ ಆಗದೆಯೇ ಗೇಟು ದಾಟಿಬಿಟ್ಟಿದ್ದೆವು. ಈಗ ಕ್ಲಿಕ್ ಶಬ್ದ ಕೇಳಿ, ಹಸಿರು ಗುರುತು ನೋಡಿ, ಆಮೇಲೆ ಕೀ.

ನಡುವೆ ಒಂದಷ್ಟು ಪ್ರಯೋಗವೂ ಆಯಿತು. ಮೆತ್ತಗಿರಲಿ ಅಂತ 900 ರೂಪಾಯಿ ಕೊಟ್ಟು ದಿಂಬು ತಂದು ಕೆಳಗೆ ಹಾಕಿದೆ. ಪಟ್ಟಿ ಸಡಿಲವಾಯಿತು, ತೆಗೆದು ಬಿಸಾಡಿದೆ. ಬಿಸಿಲಲ್ಲಿ ನಿಲ್ಲಿಸಿದರೆ ಬಕಲ್ ಕಾದು ಚುರ್ ಅನ್ನುತ್ತದೆ. ಹೊಳೆಯುವ ಪರದೆ, ಒದ್ದೆ ಬಟ್ಟೆ ಎಲ್ಲ ನೋಡಿದೆ. ಕೊನೆಗೆ ಗೆದ್ದದ್ದು ಮಾವನವರ ಹಳೇ ಬಿಳಿ ಪಂಚೆ. ಕಾರು ನಿಂತಾಗ ಸೀಟಿನ ಮೇಲೆ ಹೊದಿಸಿದರೆ ಸಾಕು.

"ಕಾಲು ಮಡಚಿ ನೋವಾಗುತ್ತೆ" ಅಂತ ಎಲ್ಲರೂ ಹೆದರಿಸಿದ್ದರು. ಅವಳು ಚಕ್ಕಳಮಕ್ಕಳ ಹಾಕಿ ಕೂತು ಎಡೆಯೂರು ಬರುವಷ್ಟರಲ್ಲಿ ನಿದ್ದೆ ಮಾಡಿರುತ್ತಾಳೆ.

ಮುಂದಿನ ವಾರ ತಂಗಿ ಸೀಟು ನೋಡಲು ಹೋಗುತ್ತಿದ್ದಾಳೆ. ಅಕ್ಕಿ ಚೀಲ ನಾನೇ ಕೊಡುತ್ತೇನೆ ಎಂದಿದ್ದೇನೆ. ಕಾರು ಮಾತ್ರ ಅವಳದ್ದೇ ಆಗಬೇಕು.