ಸಿಯೋಲ್‌ಗೆ ಬಂದ್ರಾ? ಮೊದ್ಲು ಮುಸುರೆ ತೂಕ ಹಾಕೋದು ಕಲೀರಿ

ಇಲ್ಲಿಗೆ ಹೊಸದಾಗಿ ಬಂದೋರೆಲ್ಲ ಸಿಮ್ಮು, ಬ್ಯಾಂಕ್ ಅಕೌಂಟು, ಮೆಟ್ರೋ ಕಾರ್ಡು ಅಂತ ಕೇಳ್ತಾರೆ, ಕಸದ ಸುದ್ದಿ ಯಾರೂ ಎತ್ತಲ್ಲ, ಮೊದಲನೇ ವಾರಾನೇ ಬೈಸ್ಕೋತಾರೆ. ನಾನೂ ಬೈಸ್ಕೊಂಡೋನೇ.

ಅಪಾರ್ಟ್‌ಮೆಂಟ್ ಕೆಳಗೆ ಫ್ರಿಜ್ ಥರದ್ದೊಂದು ಡಬ್ಬ ಇರತ್ತೆ. ಕಾರ್ಡ್ ತೋರಿಸಿದ್ರೆ ಮುಚ್ಚಳ ತೆಗೆಯತ್ತೆ, ಮುಸುರೆ ಸುರೀರಿ, ಕವರ್ ಮಾತ್ರ ಪಕ್ಕದ ಬುಟ್ಟಿಗೆ ಹಾಕಿ. ಮುಚ್ಚಿದ ತಕ್ಷಣ ಎಷ್ಟು ತೂಕ ಅಂತ ಸ್ಕ್ರೀನಲ್ಲಿ ಬರತ್ತೆ, ಅದು ನಿಮ್ಮ ಮನೆ ಲೆಕ್ಕಕ್ಕೆ ಸೇರಿ ತಿಂಗಳ ಮೇಂಟೆನೆನ್ಸ್ ಬಿಲ್ಲಲ್ಲಿ ಬರತ್ತೆ. ಈ ಡಬ್ಬ ಇಲ್ಲದ ಸಣ್ಣ ಬಿಲ್ಡಿಂಗಲ್ಲಿದ್ರೆ ಹತ್ತಿರದ ಅಂಗಡೀಲಿ ನಿಮ್ಮ 'ಗು' ಅಂದ್ರೆ ವಾರ್ಡ್ ಥರದ ಜಿಲ್ಲೆಯದ್ದೇ ಚೀಲ ತಗೋಬೇಕು, ಚೀಲದ ರೇಟಲ್ಲೇ ಕಸದ ದುಡ್ಡು ಸೇರಿರತ್ತೆ.

ಯಾವುದು ಹಾಕಬೇಕು ಅನ್ನೋದೇ ತಲೆನೋವು. ನಾನು ಮೊದಲ ಸಲ ತೆಂಗಿನ ಚಿಪ್ಪು ಹಾಕಿಬಿಟ್ಟೆ, ಗಾರ್ಡ್ ಅಜ್ಜ ಗ್ಲೌಸ್ ಹಾಕ್ಕೊಂಡು ತೆಗೆದು ನನ್ನ ಕೈಗೇ ಕೊಟ್ರು, ಮಾತಾಡ್ಲಿಲ್ಲ, ಆ ನೋಟ ಸಾಕಿತ್ತು. ಅವತ್ತಿಂದ ನನ್ನದು ಒಂದೇ ಸೂತ್ರ: ಊರಲ್ಲಿ ಎಮ್ಮೆ ಕಲಗಚ್ಚಿಗೆ ಹಾಕ್ತಿದ್ವಾ? ಬಾಳೆಹಣ್ಣಿನ ಸಿಪ್ಪೆ, ಹಳಸಿದ ಅನ್ನ ಓಕೆ. ಮೊಟ್ಟೆ ಚಿಪ್ಪು, ಈರುಳ್ಳಿ ಸಿಪ್ಪೆ, ಮೂಳೆ, ಮಾವಿನ ವಾಟೆ, ಟೀ ಚರಟ ಎಲ್ಲಾ ಮಾಮೂಲಿ ಕಸ. ಯಾಕಂದ್ರೆ ಡಬ್ಬಕ್ಕೆ ಹಾಕಿದ ಮುಸುರೇಲಿ ಒಂದು ಪಾಲು ನಿಜವಾಗ್ಲೂ ಪ್ರಾಣಿಗಳ ಮೇವಾಗತ್ತೆ, ಉಳಿದಿದ್ದು ಗೊಬ್ಬರ, ಬಯೋಗ್ಯಾಸ್. ಕೆಲವು ಕಡೆ ಉಪ್ಪು ಖಾರದ ಪೇಸ್ಟ್‌ಗಳನ್ನೂ ಬೇಡ ಅಂತಾರೆ, ಹಾಗಾಗಿ ಹಳೇ ಉಪ್ಪಿನಕಾಯಿ ನಾನು ಇದಕ್ಕೆ ಹಾಕಲ್ಲ. ಕಸ ಸಿಕ್ಕಸಿಕ್ಕಲ್ಲಿ ಬಿಸಾಕಿದ್ರೆ ದಂಡ 10 ಲಕ್ಷ ವೋನ್‌ವರೆಗೂ ಹೋಗಬಹುದು, ಹುಷಾರು.

ಇದೇನು ರಾತ್ರೋರಾತ್ರಿ ಬಂದಿದ್ದಲ್ಲ. 1995ರಲ್ಲಿ ಕಸಕ್ಕೆ ಚೀಲದ ಲೆಕ್ಕದಲ್ಲಿ ದುಡ್ಡು ಶುರು ಮಾಡಿದ್ರು, 2005ರಲ್ಲಿ ಮುಸುರೆನ ನೇರವಾಗಿ ಭೂಮಿಗೆ ಹೂಳೋದು ನಿಲ್ಲಿಸಿದ್ರು, 2013ರಲ್ಲಿ ಅದರ ನೀರನ್ನ ಸಮುದ್ರಕ್ಕೆ ಬಿಡೋದೂ ಬಂದ್, ಆ ಹೊತ್ತಿಗೇ ಈ ತೂಕದ ಡಬ್ಬಗಳೂ ಹರಡಿದ್ವು. ಈಗ ದಕ್ಷಿಣ ಕೊರಿಯಾದಲ್ಲಿ ಸುಮಾರು 95% ಮುಸುರೆ ಮರುಬಳಕೆಗೆ ಹೋಗತ್ತೆ. ಪೂರ್ತಿ ಕ್ರೆಡಿಟ್ ಮಷೀನ್‌ಗೆ ಕೊಡೋಕಾಗಲ್ಲ ಬಿಡಿ, ಕಾನೂನು ಮೊದ್ಲು ಬಂತು.

ಆದ್ರೆ ಮನೆ ಒಳಗೆ ಬದಲಾವಣೆ ತಂದಿದ್ದು ಆ ಸ್ಕ್ರೀನೇ. ಬಿಲ್ ಏನೂ ದೊಡ್ಡದಲ್ಲ, ಆದ್ರೂ ನಂಬರ್ ಕಣ್ಣಿಗೆ ಬಿದ್ರೆ ಹೊಟ್ಟೆ ಉರಿಯತ್ತೆ. ಮುಸುರೇಲಿ ಸುಮಾರು 80% ನೀರೇ, ಅದಕ್ಕೆ ನಮ್ಮನೇಲಿ ಈಗ ಸಿಂಕ್ ಮೇಲೆ ಒಂದು ಜರಡಿ ಪರ್ಮನೆಂಟು, ಸಾಂಬಾರ್ ಹೋಳೆಲ್ಲ ರಾತ್ರಿ ಅದರಲ್ಲಿ ಸೋರಿ ಬೆಳಿಗ್ಗೆ ಕೆಳಗೆ ಹೋಗತ್ತೆ.