ಬೇಸ್ ನುಡಿಸುತ್ತಾ ಬ್ಯಾಂಡ್ ನಡೆಸಿದ್ದು, ಪಾಠ ಹೇಳಿದ್ದು: ನನ್ನ ಅನುಭವ

ಜಾಝ್ ಕಛೇರಿಯಲ್ಲಿ ಕೇಳುಗರ ಕಣ್ಣು ಡಬಲ್ ಬೇಸ್ (ಪಿಟೀಲಿನ ಆಕಾರದ, ಆಳೆತ್ತರದ ತಂತಿವಾದ್ಯ) ನುಡಿಸುವವರ ಮೇಲೆ ಬೀಳುವುದು ಕಡಿಮೆ. ಆದರೆ ಬೇಸ್ ನಿಂತರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತದೆ. ನಾನು ಈ ವಾದ್ಯವನ್ನು ನಂಬಿ ಬದುಕು ಕಟ್ಟಿಕೊಂಡವನು. ಮೊದಲು ಬೇರೆಯವರ ಬ್ಯಾಂಡ್‌ಗಳಲ್ಲಿ ನುಡಿಸಿದೆ, ಆಮೇಲೆ ನನ್ನದೇ ಬ್ಯಾಂಡ್ ಕಟ್ಟಿದೆ, ಈಗ ಅರ್ಧ ಸಮಯ ಪಾಠ ಹೇಳುವುದರಲ್ಲೇ ಹೋಗುತ್ತದೆ. ಈ ಮೂರರಲ್ಲೂ ನಾನು ಮಾಡಿಕೊಂಡು ಬಂದದ್ದು ಒಂದೇ: ಪಕ್ಕದವರನ್ನು ಕೇಳಿಸಿಕೊಂಡು, ಅವರು ಧೈರ್ಯವಾಗಿ ನುಡಿಸುವಂತೆ ಮಾಡುವುದು.

ಡಬಲ್ ಬೇಸ್‌ಗೆ ನಾಲ್ಕು ತಂತಿ. ತಗ್ಗಿನ ಸ್ವರದಿಂದ ಮೇಲಕ್ಕೆ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಇ, ಎ, ಡಿ, ಜಿ. ಅತಿ ತಗ್ಗಿನ ಇ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಿಟಾರ್‌ನಲ್ಲಿರುವಂತೆ ಸ್ವರದ ಜಾಗ ತೋರಿಸುವ ಫ್ರೆಟ್ ಪಟ್ಟಿಗಳು ವಾದ್ಯದಲ್ಲಿ ಇಲ್ಲ. ಬೆರಳು ಸ್ವಲ್ಪ ಆಚೀಚೆ ಆದರೂ ಶ್ರುತಿ ಹೋಯಿತು. ತಂತಿ ದಪ್ಪ, ಸ್ವರಗಳ ನಡುವೆ ದೂರ ಜಾಸ್ತಿ. ಅದಕ್ಕೇ ಹಳೆಯ ಪದ್ಧತಿಯಲ್ಲಿ ವಾದ್ಯದ ಕುತ್ತಿಗೆಯ ಬಳಿಯ ಸ್ವರಗಳಿಗೆ ತೋರುಬೆರಳು, ನಡುಬೆರಳು, ಕಿರುಬೆರಳು ಮಾತ್ರ. ಉಂಗುರ ಬೆರಳು ಕಿರುಬೆರಳಿಗೆ ಆಸರೆ. 19ನೇ ಶತಮಾನದಲ್ಲಿ ಬೇಸ್ ಗುರು ಫ್ರಾಂಜ್ ಸಿಮಾಂಡ್ಲ್ ಬರೆದಿಟ್ಟ ಈ ಕ್ರಮವನ್ನು ನಾನೂ ಕಲಿತೆ, ಈಗಲೂ ಕಲಿಸುತ್ತೇನೆ. ಜಾಝ್‌ನಲ್ಲಿ ಹೆಚ್ಚಾಗಿ ಬೆರಳಿನಿಂದ ಮೀಟುತ್ತೇವೆ, ಆದರೂ ದಿನಾ ಬೆಳಗ್ಗೆ ನನ್ನ ಅಭ್ಯಾಸ ಶುರುವಾಗುವುದು ಕಮಾನಿನಿಂದ. ಮೀಟಿದ ಸ್ವರದಲ್ಲಿ ಸಣ್ಣ ಅಪಶ್ರುತಿ ಮುಚ್ಚಿಹೋಗುತ್ತದೆ, ಕಮಾನಿನಲ್ಲಿ ಮುಚ್ಚಲು ಆಗುವುದಿಲ್ಲ.

ಯಾವ ಸ್ವರ ನುಡಿಸಬೇಕು ಅನ್ನುವುದನ್ನು ಪುಸ್ತಕ ನೋಡಿ ಕಲಿಯಬಹುದು. ಆ ಸ್ವರ ಎಷ್ಟು ಹೊತ್ತು ಉಳಿಯಬೇಕು ಅನ್ನುವುದನ್ನು ಕೇಳಿಯೇ ಕಲಿಯಬೇಕು. ಹಿಂದೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳಿದ್ದವು. ಆಂಪ್ಲಿಫೈಯರ್ ಇರಲಿಲ್ಲ. ದೊಡ್ಡ ಬ್ಯಾಂಡ್‌ನಲ್ಲಿ ಕೇಳಿಸಬೇಕಾದರೆ ತಂತಿಯನ್ನು ಎತ್ತರಕ್ಕೆ ಕಟ್ಟಿ ಜೋರಾಗಿ ಎಳೆಯಬೇಕಿತ್ತು. ಸ್ವರ ಧಡ್ ಎಂದು ಬಂದು ಬೇಗ ಸಾಯುತ್ತಿತ್ತು. ಆಮೇಲೆ ಉಕ್ಕಿನ ತಂತಿ ಬಂತು, ವಾದ್ಯದ ಕಂಪನವನ್ನು ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ ಬಂತು. ತಂತಿ ಕೆಳಗಿಳಿಯಿತು, ಸ್ವರದ ಆಯುಷ್ಯ ಹೆಚ್ಚಿತು. ಈಗ ಸ್ವರವನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ನಿರ್ಧಾರ ನಮ್ಮ ಕೈಯಲ್ಲಿದೆ. ಒಂದು ಸ್ವರ ಮುಗಿಯುವುದಕ್ಕೂ ಮುಂದಿನದು ಹುಟ್ಟುವುದಕ್ಕೂ ನಡುವೆ ಇರುವ ಆ ಚೂರು ಜಾಗವೇ ಕೇಳುಗರ ಕಾಲು ತಾಳ ಹಾಕುವಂತೆ ಮಾಡುತ್ತದೆ. ಬೇಸ್ ವಾದಕ ರೇ ಬ್ರೌನ್ ಅವರ ಧ್ವನಿಮುದ್ರಣಗಳನ್ನು ಇದೊಂದಕ್ಕೇ ಕೇಳಬೇಕು. ಪ್ರತಿ ಸ್ವರವೂ ತುಂಬಿಕೊಂಡು ಬರುತ್ತದೆ, ಆದರೂ ಯಾವುದೂ ಮುಂದಿನದರ ಮೇಲೆ ಬೀಳುವುದಿಲ್ಲ.

ವಾಕಿಂಗ್ ಬೇಸ್ ಅಂದರೆ ಬಾರ್‌ಗೆ (ನಾಲ್ಕು ಬೀಟ್‌ನ ಒಂದು ಆವರ್ತಕ್ಕೆ) ನಾಲ್ಕು ಸ್ವರ, ಒಂದೊಂದು ಬೀಟ್‌ಗೆ ಒಂದೊಂದು. ಮೊದಲ ಬೀಟ್‌ನಲ್ಲಿ ಸಾಮಾನ್ಯವಾಗಿ ಆ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲ ಸ್ವರ ಇರುತ್ತದೆ. ನಾಲ್ಕನೆಯದು ಮುಂದಿನ ಕಾರ್ಡ್ ಕಡೆ ಕೈ ತೋರಿಸಬೇಕು. ಸಿ ಸೆವೆನ್ ಕಾರ್ಡ್‌ನಿಂದ ಎಫ್ ಕಾರ್ಡ್‌ಗೆ ಹೋಗಬೇಕು ಅಂದುಕೊಳ್ಳಿ. ಸಿ, ಇ, ಜಿ, ಜಿ ಫ್ಲಾಟ್ ನುಡಿಸಿದರೆ ಆ ಕೊನೆಯ ಸ್ವರ ತಾನಾಗಿಯೇ ಎಫ್‌ಗೆ ಇಳಿಯುತ್ತದೆ. ಪಿಯಾನೋದವರಿಗೆ ಕಣ್ಸನ್ನೆ ಮಾಡುವ ಅಗತ್ಯವೇ ಇಲ್ಲ. 1939ರಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡ್ ಸೇರಿದ ಜಿಮ್ಮಿ ಬ್ಲಾಂಟನ್ ಈ ಸಾಲುಗಳಿಗೆ ಹಾಡಿನ ಗುಣ ಕೊಟ್ಟರು, ಬೇಸ್‌ನಲ್ಲಿ ಸೋಲೋ ನುಡಿಸುವ ದಾರಿಯನ್ನೂ ತೆರೆದರು. 1942ರಲ್ಲಿ, ಬರೀ 23ನೇ ವಯಸ್ಸಿಗೆ ತೀರಿಕೊಂಡರು. ಇವತ್ತಿಗೂ ನಾವೆಲ್ಲ ಅವರ ಸಾಲಗಾರರು.

ಬ್ಯಾಂಡ್ ಕಟ್ಟಿದಾಗ ನಾನು ಮೊದಲು ಹುಡುಕಿದ್ದು ಡ್ರಮ್ಮರ್‌ನನ್ನು. ಸ್ಯಾಕ್ಸೋಫೋನ್, ಪಿಯಾನೋ ಆಮೇಲೆ. ಡ್ರಮ್ಮರ್ ಲಯ ಹಿಡಿಯುವ ರೈಡ್ ಸಿಂಬಲ್ ಎಂಬ ಲೋಹದ ತಟ್ಟೆ, ನನ್ನ ಸ್ವರ ಒಟ್ಟಿಗೆ ಕೂರಬೇಕು. ಕೂರಲಿಲ್ಲ ಅಂದರೆ ಮೇಲೆ ಯಾರು ಎಷ್ಟು ಚೆನ್ನಾಗಿ ನುಡಿಸಿದರೂ ಸಂಗೀತ ಹಗುರವಾಗುವುದಿಲ್ಲ. ನಾವಿಬ್ಬರೇ ಕೂತು, ಬೇರೆ ಯಾರೂ ಇಲ್ಲದೆ, ಒಂದೇ ಬ್ಲೂಸ್ ಅನ್ನು ತುಂಬಾ ನಿಧಾನವಾಗಿ ನುಡಿಸುತ್ತಿದ್ದೆವು. ವೇಗದಲ್ಲಿ ನುಡಿಸುವುದಕ್ಕಿಂತ ಇದು ಕಷ್ಟ. ಬೀಟ್ ಬೀಟ್ ನಡುವೆ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ.

ಬೇಸ್ ನುಡಿಸುವವರು ಬ್ಯಾಂಡ್ ನಡೆಸಿದರೆ ಒಂದು ಅನುಕೂಲ ಇದೆ. ಮಾತಾಡದೆ ದಿಕ್ಕು ತಿರುಗಿಸಬಹುದು. ಟ್ಯೂನ್ ಶುರುವಾದಾಗ ಬಾರ್‌ಗೆ ಎರಡೇ ಸ್ವರ ನುಡಿಸುತ್ತೇನೆ. ಮೊದಲ ಸೋಲೋ ಬಂದ ಕ್ಷಣ ನಾಲ್ಕಕ್ಕೆ ಹೋಗುತ್ತೇನೆ. ಇಡೀ ಬ್ಯಾಂಡ್ ಮುಂದಕ್ಕೆ ವಾಲುತ್ತದೆ. ಸೋಲೋ ಕಾವು ಕಳೆದುಕೊಳ್ಳುತ್ತಿದೆ ಅನ್ನಿಸಿದರೆ ಕಾರ್ಡ್‌ಗಳು ಬದಲಾಗುತ್ತಿದ್ದರೂ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತೇನೆ. ಬಿಗಿ ಏರುತ್ತದೆ. ಬಿಟ್ಟಾಗ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಕೆಲವೊಮ್ಮೆ ನುಡಿಸುವುದನ್ನೇ ನಿಲ್ಲಿಸಿಬಿಡುತ್ತೇನೆ. ಸ್ಯಾಕ್ಸೋಫೋನ್, ಡ್ರಮ್ಸ್ ಎರಡೇ ಉಳಿದಾಗ ಆ ಹಾಡಿಗೆ ಬೇರೆಯೇ ಗಾಳಿ ಬೀಸುತ್ತದೆ.

ಬೇಸ್ ನುಡಿಸುತ್ತಲೇ ಬ್ಯಾಂಡ್ ನಡೆಸಿದ ಚಾರ್ಲ್ಸ್ ಮಿಂಗಸ್ ತಮ್ಮ ರಚನೆಗಳನ್ನು ಎಷ್ಟೋ ಸಲ ಕಾಗದದಲ್ಲಿ ಕೊಡದೆ, ಹಾಡಿ, ಪಿಯಾನೋದಲ್ಲಿ ನುಡಿಸಿ ಕಲಿಸುತ್ತಿದ್ದರು. ನಾನು ಅರ್ಧ ದಾರಿ ಅವರ ಜೊತೆ. ಮುಖ್ಯ ರಾಗವನ್ನು ಬರೆದು ಕೊಡುತ್ತೇನೆ, ಉಳಿದದ್ದನ್ನು ಹಾಡಿ ತೋರಿಸುತ್ತೇನೆ. ಕಾಗದ ಮುಂದಿದ್ದರೆ ಕಣ್ಣು ಅಲ್ಲೇ ನೆಡುತ್ತದೆ, ಕಿವಿ ಮುಚ್ಚಿಹೋಗುತ್ತದೆ. ವೇಗವನ್ನು ಎಣಿಸುವ ಮುನ್ನ ಟ್ಯೂನ್‌ನಲ್ಲಿ ಬೆರಳಿಗೆ ಅತ್ಯಂತ ಕಷ್ಟವಾದ ಸಾಲನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತೇನೆ. ಅದು ಹಾಡಲು ಬರುವ ವೇಗವೇ ಸರಿಯಾದ ವೇಗ.

ದುಡ್ಡಿನ ಮಾತನ್ನೂ ಹೇಳಲೇಬೇಕು, ಅಲ್ವಾ? ಎಷ್ಟು ಸಿಗುತ್ತದೆ, ಯಾರಿಗೆ ಎಷ್ಟು ಅನ್ನುವುದನ್ನು ಕಾರ್ಯಕ್ರಮ ಒಪ್ಪಿಕೊಳ್ಳುವ ಮೊದಲೇ ಎಲ್ಲರಿಗೂ ಹೇಳುತ್ತೇನೆ. ಅದೇ ರಾತ್ರಿ ಹಂಚುತ್ತೇನೆ. ಒಳ್ಳೆಯ ಸಂಗೀತಗಾರರು ನನ್ನ ಬ್ಯಾಂಡ್‌ನಲ್ಲಿ ಉಳಿದುಕೊಂಡದ್ದಕ್ಕೆ ಇದೂ ದೊಡ್ಡ ಕಾರಣ.

ಪಾಠ ಹೇಳುವುದು ಬೇಸ್ ನುಡಿಸುವವರಿಗೆ ಹೊಸತೇನಲ್ಲ. 1960ರ ದಶಕದಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದ ರಾನ್ ಕಾರ್ಟರ್ ಮುಂದೆ ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸಿದರು. ಚಾರ್ಲಿ ಹೇಡನ್ 1982ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಜಾಝ್ ವಿಭಾಗ ಶುರು ಮಾಡಿದರು.

ನನ್ನ ಹತ್ತಿರ ಬರುವ ಮಕ್ಕಳಿಗೆ ಸೋಲೋ ಮೇಲೇ ಆಸೆ. ಬೇಸ್ ಸೋಲೋಗೆ ಹೆಸರಾದ ಸ್ಕಾಟ್ ಲಫಾರೋ ಅವರಂತೆ ನುಡಿಸಬೇಕು ಅನ್ನುತ್ತಾರೆ. ಆಸೆ ಸರಿಯೇ. ಆದರೆ ನಾನು ಮೊದಲು ಬೇಸ್ ವಾದಕ ಪಾಲ್ ಚೇಂಬರ್ಸ್ ಅವರ ಧ್ವನಿಮುದ್ರಣಗಳ ಬಳಿ ಕಳಿಸುತ್ತೇನೆ. ಅವರ ಒಂದು ಕೋರಸ್‌ನ (ಟ್ಯೂನ್‌ನ ಒಂದು ಪೂರ್ತಿ ಸುತ್ತಿನ) ವಾಕಿಂಗ್ ಸಾಲನ್ನು ಕೇಳಿ, ಬಾಯಲ್ಲಿ ಪೂರ್ತಿ ಹಾಡಲು ಬಂದ ಮೇಲೆ ವಾದ್ಯ ಮುಟ್ಟಬೇಕು. ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೋನೋಮ್ ಯಂತ್ರವನ್ನು ಎರಡನೇ ಮತ್ತು ನಾಲ್ಕನೇ ಬೀಟ್‌ಗೆ ಮಾತ್ರ ಇಡುತ್ತೇವೆ, ಹೈ-ಹ್ಯಾಟ್ (ಡ್ರಮ್ಮರ್ ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್) ಬೀಳುವ ಜಾಗದಲ್ಲಿ. ಅದು ಗಟ್ಟಿಯಾದ ಮೇಲೆ ಬಾರ್‌ಗೆ ಒಂದೇ ಟಿಕ್. ಆಮೇಲೆ ಎರಡು ಬಾರ್‌ಗೆ ಒಂದು. ಲಯ ಯಂತ್ರದಿಂದ ನಿಧಾನವಾಗಿ ಮೈಗೆ ಇಳಿಯುತ್ತದೆ.

ಗುಂಪು ಪಾಠದಲ್ಲಿ ನುಡಿಸುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿ ಒಬ್ಬರನ್ನು ಕೇಳುತ್ತೇನೆ: ಈಗ ಪಿಯಾನೋದವರು ಏನು ನುಡಿಸಿದರು, ಹಾಡಿ ತೋರಿಸಿ. ಮೊದಮೊದಲು ಯಾರಿಗೂ ಬರುವುದಿಲ್ಲ. ಕೆಲವು ವಾರ ಕಳೆದ ಮೇಲೆ ಕೇಳುವ ಮೊದಲೇ ಅವರ ಮುಖದಲ್ಲಿ ಉತ್ತರ ಕಾಣಿಸುತ್ತದೆ. ಆಗ ಅವರ ನುಡಿಸುವಿಕೆಯೇ ಬದಲಾಗಿರುತ್ತದೆ. ಟ್ಯೂನ್ ಮಧ್ಯೆ ದಾರಿ ತಪ್ಪಿದರೂ ಗಾಬರಿ ಇರುವುದಿಲ್ಲ. ಎಷ್ಟೋ ಹಳೆಯ ಟ್ಯೂನ್‌ಗಳು 32 ಬಾರ್‌ನವು, ಎಂಟೆಂಟರ ನಾಲ್ಕು ಭಾಗ. ಅನೇಕ ಸಲ ಮೂರನೇ ಭಾಗ ಮಾತ್ರ ಬೇರೆ ಥರ ಇರುತ್ತದೆ. ಬೇಸ್ ನಿಲ್ಲಿಸದೆ, ಸರಳವಾದ ಸ್ವರಗಳಲ್ಲಿ ಲಯ ಹಿಡಿದುಕೊಂಡು, ಆ ಮೂರನೇ ಭಾಗ ಕಿವಿಗೆ ಬೀಳುವವರೆಗೆ ಕಾದರೆ ಸಾಕು. ಅದು ಬಂದ ಕೂಡಲೇ ಮೊದಲ ಬೀಟ್‌ನಲ್ಲಿ ಅದರ ಮೂಲ ಸ್ವರವನ್ನು ಗಟ್ಟಿಯಾಗಿ ನುಡಿಸಿ. ನಿಮ್ಮ ಜೊತೆ ದಾರಿ ತಪ್ಪಿದವರು ಇನ್ನೂ ಇದ್ದರೆ ಅವರೂ ಅಲ್ಲಿಗೇ ಬಂದು ಸೇರುತ್ತಾರೆ.