ಮಿಲಾನ್: ಬಾಗಿಲು ದಾಟಿದರೆ ಸಿಗುವ ಊರು

"ಮಿಲಾನ್‌ನಲ್ಲಿ ಏನಿದೆ, ಬರೀ ಬ್ರಾಂಡ್ ಅಂಗಡಿಗಳು" ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಈ ಊರಿನ ಚಂದ ಬೀದಿಯಲ್ಲಿ ನಿಂತವರಿಗೆ ಅರ್ಧ ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ಬಾಗಿಲು ದಾಟಿ ಒಳಗೆ ಹೋಗಬೇಕು.

ವಿಮಾನಕ್ಕಿಂತ ಮೊದಲು ನಾನು ಬುಕ್ ಮಾಡಿದ್ದು ಲಿಯೊನಾರ್ಡೊ ಡ ವಿಂಚಿಯ 'ಲಾಸ್ಟ್ ಸಪ್ಪರ್' ಗೋಡೆಚಿತ್ರ (ಏಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟ) ನೋಡುವ ಟಿಕೆಟ್. ಕೆಲವು ತಿಂಗಳ ಟಿಕೆಟ್‌ಗಳನ್ನು ಒಟ್ಟಿಗೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ. ಸೋಮವಾರ ರಜೆ. ಟಿಕೆಟ್ ಸಿಕ್ಕ ದಿನಕ್ಕೆ ತಕ್ಕಂತೆ ಉಳಿದದ್ದನ್ನೆಲ್ಲ ಹೊಂದಿಸಿಕೊಂಡೆ. ಏಪ್ರಿಲ್‌ನ ಪೀಠೋಪಕರಣ ಮೇಳ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನ ಫ್ಯಾಷನ್ ವಾರಗಳಲ್ಲಿ ಹೋಟೆಲ್ ಬಾಡಿಗೆ ಗಗನಕ್ಕೇರುತ್ತದೆ. ಆ ದಿನಗಳನ್ನು ಬಿಟ್ಟುಬಿಡಿ.

ಉಳಿದುಕೊಂಡಿದ್ದು ಪೋರ್ಟಾ ವೆನೆಜಿಯಾ ಹತ್ತಿರ. ಕೆಂಪು ಲೈನ್ ಮೆಟ್ರೊ ಹತ್ತಿದರೆ ನೇರ ದುವೊಮೊ, ಅಂದರೆ ಊರಿನ ಮುಖ್ಯ ಚರ್ಚ್, ಬಾಡಿಗೆ ಮಾತ್ರ ನಡುಪೇಟೆಗಿಂತ ಕಡಿಮೆ. ಪಕ್ಕದ ಮಾಲ್ಪಿಗಿ ಬೀದಿಯಲ್ಲಿ ಕಾಸಾ ಗಾಲಿಂಬೆರ್ತಿ ಅನ್ನುವ ಶತಮಾನ ಹಳೆಯ ಮನೆ ಇದೆ. ಗೋಡೆ ತುಂಬ ಬಣ್ಣದ ಟೈಲ್ಸ್‌ನಲ್ಲಿ ಹೆಂಗಸರು, ಬಳ್ಳಿಗಳು. ಹೋಟೆಲ್‌ನಲ್ಲಿ ನಗರ ತೆರಿಗೆಯನ್ನು ತಲೆಗಿಷ್ಟು, ರಾತ್ರಿಗಿಷ್ಟು ಅಂತ ಬೇರೆ ತೆಗೆದುಕೊಳ್ಳುತ್ತಾರೆ, ನೆನಪಿರಲಿ.

ಲಾಸ್ಟ್ ಸಪ್ಪರ್ ಇರುವುದು ಸಾಂತಾ ಮರಿಯಾ ದೆಲ್ಲೆ ಗ್ರಾಜಿಯೆ ಮಠದ ಊಟದ ಮನೆಯಲ್ಲಿ. ಧೂಳು ಬರದಂತೆ ಒಂದರ ಹಿಂದೊಂದು ಗಾಜಿನ ಬಾಗಿಲು. ಒಳಗೆ ಸಿಗುವುದು 15 ನಿಮಿಷ. ಎಲ್ಲರೂ ಲಿಯೊನಾರ್ಡೊ ಕಡೆಗೇ ನೋಡುತ್ತಾರೆ, ಆದರೆ ಒಂದೆರಡು ನಿಮಿಷ ಹಿಂದೆ ತಿರುಗಿ ನೋಡಿ. ಎದುರು ಗೋಡೆಯಲ್ಲಿ ಮೊಂತೊರ್ಫಾನೊ ಅನ್ನುವ ಚಿತ್ರಕಾರ 1495ರಲ್ಲಿ ಬರೆದ, ಏಸುವನ್ನು ಶಿಲುಬೆಗೇರಿಸಿದ ಚಿತ್ರವಿದೆ. ಅದು ಹಸಿ ಗಾರೆಯ ಮೇಲೆ ಬರೆದದ್ದು, ಬಣ್ಣ ಗಾರೆಯೊಳಗೇ ಸೇರಿಕೊಂಡಿದೆ. ಲಿಯೊನಾರ್ಡೊಗೆ ನಿಧಾನವಾಗಿ ತಿದ್ದುತ್ತಾ ಬರೆಯಬೇಕಿತ್ತು, ಹಾಗಾಗಿ ಒಣ ಗೋಡೆಯ ಮೇಲೆ ಬರೆದ. ಅವನು ಬದುಕಿದ್ದಾಗಲೇ ಬಣ್ಣ ಉದುರತೊಡಗಿತು. 1943ರಲ್ಲಿ ಬಾಂಬ್ ಬಿದ್ದು ಕೋಣೆಯ ಚಾವಣಿ ಹೋಯಿತು, ಮರಳು ಚೀಲ ಒಟ್ಟಿ ಕಾಪಾಡಿದ್ದ ಈ ಗೋಡೆ ಉಳಿಯಿತು. 20 ವರ್ಷಕ್ಕೂ ಮೀರಿದ ದುರಸ್ತಿ ಮುಗಿದದ್ದು 1999ರಲ್ಲಿ. ಎರಡೂ ಗೋಡೆ ನೋಡಿದ ಮೇಲೆ, ಆ ಮಸುಕು ಬಣ್ಣದ ಮುಂದೆ ನನಗೆ ಕಣ್ಣು ಒದ್ದೆಯಾಯಿತು.

ಅಲ್ಲಿಂದ ಮೆಟ್ರೊ ಹಿಡಿಯಬೇಡಿ. ಕೊರ್ಸೊ ಮಜೆಂತಾ ಬೀದಿಯಲ್ಲೇ ನಡೆಯಿರಿ. ಸಾನ್ ಮೌರಿಜಿಯೊ ಚರ್ಚ್ ಹೊರಗಿನಿಂದ ಸಾದಾ ಬೂದು ಕಟ್ಟಡ. ಒಳಗೆ ನೆಲದಿಂದ ಚಾವಣಿವರೆಗೆ ಚಿತ್ರಗಳು. ನಡುವೆ ಅಡ್ಡಗೋಡೆ ಇದೆ. ಅದರ ಹಿಂದಿನ ಹಜಾರದಲ್ಲಿ ಸನ್ಯಾಸಿನಿಯರು ಹೊರಗಿನವರಿಗೆ ಕಾಣದೆ ಪೂಜೆ ಕೇಳಿಸಿಕೊಳ್ಳುತ್ತಿದ್ದರು. ಸುಮ್ನೆ ಮುಂದಿನ ಭಾಗ ನೋಡಿ ವಾಪಸ್ ಬರಬೇಡಿ, ಪಕ್ಕದ ಬಾಗಿಲಿಂದ ಅಲ್ಲಿಗೂ ಹೋಗಿ.

ಇನ್ನು ದುವೊಮೊ ಹತ್ತಿರದ ಸಾನ್ ಸಾತಿರೊ ಚರ್ಚ್. ಬಾಗಿಲಲ್ಲಿ ನಿಂತರೆ ಗರ್ಭಗುಡಿ ಆಳವಾಗಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಹತ್ತಿರ ಹೋಗಿ ಪಕ್ಕದಿಂದ ನೋಡಿದರೆ ಅದು ಒಂದು ಮೀಟರ್ ಕೂಡ ಇಲ್ಲ! ಹಿಂದೆ ಬೀದಿ ಇದ್ದದ್ದರಿಂದ ಜಾಗ ಸಿಗಲಿಲ್ಲ, ವಾಸ್ತುಶಿಲ್ಪಿ ಬ್ರಮಾಂತೆ ಕಂಬ, ಕಮಾನುಗಳನ್ನು ಉಬ್ಬುಗೆತ್ತನೆಯಲ್ಲಿ ಮಾಡಿ ಆಳ ತಂದ. ಮುಂದೆ ಹಿಂದೆ ನಡೆದು ನಡೆದು ನೋಡಿದೆ. ಎಷ್ಟು ಹೆಜ್ಜೆಗೆ ಆ ಮಾಯೆ ಒಡೆಯುತ್ತದೆ ಅಂತ ನೀವೂ ನೋಡಿ.

ದುವೊಮೊ ಬಗ್ಗೆ ಎಲ್ಲರಿಗೂ ಗೊತ್ತೇ ಇದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮಾಳಿಗೆಗೆ ಮೆಟ್ಟಿಲು ಹತ್ತಿ ಹೋಗುವ ಟಿಕೆಟ್ ಲಿಫ್ಟ್‌ಗಿಂತ ಅಗ್ಗ.

ಊಟ ಅಂದರೆ ಮಿಲಾನ್‌ನ ಕೇಸರಿ ರಿಸೊತ್ತೊ, ಸಾರಿನಲ್ಲಿ ಬೇಯಿಸಿದ ಅನ್ನ. ಅನ್ನ ಮುದ್ದೆಯಾಗಬಾರದು, ಬಿಸಿಬೇಳೆ ಭಾತಿನಂತೆ ತಟ್ಟೆಯಲ್ಲಿ ಹರಡಿಕೊಳ್ಳಬೇಕು. ನಮ್ಮಂಥ ಸಸ್ಯಾಹಾರಿಗಳು ಕೇಳದೇ ತಿನ್ನುವಂತಿಲ್ಲ. ಹಳೆಯ ಕ್ರಮದಲ್ಲಿ ದನದ ಮೂಳೆಯ ಮಜ್ಜೆ, ಮಾಂಸದ ಸಾರು ಹಾಕುತ್ತಾರೆ. "ಸೆಂತ್ಸಾ ಬ್ರೋದೊ ದಿ ಕಾರ್ನೆ" ಅಂದರೆ ಮಾಂಸದ ಸಾರು ಬೇಡ ಅಂತ. ಮೊದಲೇ ಕೇಳಿದೆ, ಒಂದು ಕಡೆ ತರಕಾರಿ ಸಾರಿನಲ್ಲಿ ಮಾಡಿಕೊಟ್ಟರು. ಮೇಲೆ ಉದುರಿಸುವ ಗಟ್ಟಿ ಚೀಸ್‌ನಲ್ಲಿ ಹಾಲು ಒಡೆಸಲು ಹಾಕುವ ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆ, ಅದೂ ಬೇಡವಾದರೆ ಬೇರೆಯಾಗಿ ಹೇಳಬೇಕು. ಕಾಫಿ ಮಾತ್ರ ಕೌಂಟರ್ ಹತ್ತಿರ ನಿಂತೇ ಕುಡಿಯಿರಿ, ಕೂತರೆ ಬಿಲ್ ಜಾಸ್ತಿ.